ಚಿನ್ನದ ಸೀಮೆಯ ಬಿಸಿಲು

ಕೋಲಾರ ಸೀಮೆಯ ಹೆಸರೆತ್ತಿದರೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಚಿನ್ನ; ಅದರ ಹಿಂದೆಯೇ ಬರುವುದು ಬರಗಾಲ. ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಕೆರೆಗಳನ್ನು ನಂಬಿ ಶತಮಾನಗಳ ಕಾಲ ಬಾಳಿದ ಜನ, ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಸಿ ನೀರಿಗಾಗಿ ಕಾಯುವಂತಾಯಿತು. ಇಂಥ ಸೀಮೆಯಲ್ಲಿ ಯಾರನ್ನೂ ಕೇಳದೆ ಧಾರಾಳವಾಗಿ ಬೀಳುವುದು ಬಿಸಿಲೊಂದೇ. ಆದರೆ ಬಿಸಿಲನ್ನು ಸಂಪತ್ತೆಂದು ಎಣಿಸುವ ಅಭ್ಯಾಸ ನಮಗೆ ತೀರ ಇತ್ತೀಚಿನವರೆಗೂ ಇರಲಿಲ್ಲ. ರಾಗಿ ಒಣಗಿಸುವುದಕ್ಕೆ, ಹಪ್ಪಳ ಸಂಡಿಗೆ ಹಾಕುವುದಕ್ಕೆ ಅದು ಬೇಕು; ಉಳಿದ ಹೊತ್ತಿನಲ್ಲಿ ಎಲ್ಲರಿಂದಲೂ ಬೈಸಿಕೊಳ್ಳುವುದೇ ಅದರ ಪಾಡು.

ಈಗ ಕಾಲ ಬದಲಾಗಿದೆ. ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು ಮಾರುವುದು ದೊಡ್ಡ ಉದ್ಯಮವಾಗಿದೆ. ೨೦೦೧ರಲ್ಲಿ ಗಣಿ ಮುಚ್ಚಿದಂದಿನಿಂದ ಕೆಲಸಕ್ಕಾಗಿ ಪರದಾಡುತ್ತಿರುವ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೂ, ಅದರ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಯಲ್ಲಿಯೂ ಇಂಥದೊಂದು ಉದ್ಯಮವನ್ನು ಏಕೆ ಹೂಡಬಾರದು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವಾದದ್ದೇ. ಇದಕ್ಕೆ ಉತ್ತರ ಹುಡುಕುವವರು ನೂರಿಪ್ಪತ್ತು ವರ್ಷ ಹಿಂದಿನ ಒಂದು ಚರಿತ್ರೆಯನ್ನು ತಿರುವಿ ನೋಡುವುದು ಒಳ್ಳೆಯದು. ಏಕೆಂದರೆ ವಿದ್ಯುತ್ತಿನ ವ್ಯಾಪಾರ ಈ ಊರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಆ ವ್ಯಾಪಾರ ಆರಂಭವಾದದ್ದೇ ಈ ಊರಿನ ಸಲುವಾಗಿ.

೧೮೦೨ರಲ್ಲಿ ಸರಹದ್ದಿನ ಮೋಜಣಿಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ, ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟನು. ಆ ಬರಹವನ್ನು ಓದಿದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕನು ೧೮೭೫ರಲ್ಲಿ ಗಣಿ ತೋಡುವ ಪರವಾನಗಿ ಪಡೆದನು. ಒಬ್ಬನ ಕೈಯಲ್ಲಿ ಆಗುವ ಕೆಲಸ ಅದಾಗಿರಲಿಲ್ಲ. ೧೮೮೦ರಿಂದೀಚೆಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ ಕೆಲಸ ಕುದುರಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರುಗಳು ಲಂಡನ್ನಿನ ಷೇರುಪೇಟೆಯಲ್ಲಿ ಮನೆಮಾತಾದವು.

ಗಣಿ ಆಳಕ್ಕಿಳಿದಂತೆಲ್ಲ ಶಕ್ತಿಯ ಹಸಿವು ಹೆಚ್ಚಿತು. ಕಲ್ಲನ್ನು ಮೇಲೆತ್ತಬೇಕು, ಒಳಗೆ ಜಿನುಗುವ ನೀರನ್ನು ಹೊರಹಾಕಬೇಕು, ಕೆಳಗಿನವರು ಉಸಿರಾಡಲು ಗಾಳಿಯನ್ನು ತಳ್ಳಬೇಕು, ಮೇಲೆ ಬಂದ ಕಲ್ಲನ್ನು ಕುಟ್ಟಿ ಪುಡಿಮಾಡಬೇಕು. ಇಷ್ಟನ್ನೂ ಮಾಡುತ್ತಿದ್ದುದು ಆವಿಯಂತ್ರ. ಆವಿಯಂತ್ರಕ್ಕೆ ಸೌದೆ ಬೇಕು, ಇಲ್ಲವೆ ಕಲ್ಲಿದ್ದಲು ಬೇಕು. ಸುತ್ತಣ ಕುರುಚಲು ಕಾಡು ಎಷ್ಟು ದಿನ ಬಂದೀತು? ಕಲ್ಲಿದ್ದಲು ಬರಬೇಕಾದರೆ ದೂರದ ಗಣಿಗಳಿಂದ ರೈಲಿನಲ್ಲಿಯೇ ಬರಬೇಕು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರಿಗೆ ಬಂದ ರೈಲುಮಾರ್ಗ ಬಂಗಾರಪೇಟೆಯ ಮೇಲೆಯೇ ಹಾದುಹೋಗಿತ್ತು. ಆಗ ಈ ಊರಿನ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗರ ಜ್ಞಾಪಕಾರ್ಥವಾಗಿ ಬಂದ ಹೆಸರು. ಅಲ್ಲಿಂದ ಗಣಿಗಳವರೆಗೆ ಸುಮಾರು ೧೦ ಮೈಲಿಯ ಶಾಖಾಮಾರ್ಗ ೧೮೯೪ರಲ್ಲಿ ಸಿದ್ಧವಾಯಿತು. ಕಲ್ಲಿದ್ದಲು, ಯಂತ್ರ, ದಿನಸಿ, ಜನ ಎಲ್ಲವೂ ಇದೇ ದಾರಿಯಲ್ಲಿ ಒಳಗೆ ಬಂದವು. ಆದರೂ ಕಲ್ಲಿದ್ದಲಿನ ಖರ್ಚು ಕಂಪೆನಿಗಳ ಲಾಭವನ್ನು ಕೊರೆಯುತ್ತಲೇ ಇತ್ತು.

ಇತ್ತ ಕಾವೇರಿಯು ಶಿವನಸಮುದ್ರದಲ್ಲಿ ಯಾರಿಗೂ ಉಪಯೋಗವಿಲ್ಲದೆ ಧುಮ್ಮಿಕ್ಕುತ್ತಿತ್ತು. ನೀರಿನ ಬೀಳಿನಿಂದ ವಿದ್ಯುತ್ತನ್ನು ತೆಗೆಯುವ ವಿದ್ಯೆ ಆಗಿನ್ನೂ ಎಳೆಯದು. ಡಾರ್ಜಿಲಿಂಗಿನಲ್ಲಿ ೧೮೯೭ರಲ್ಲಿ ಒಂದು ಚಿಕ್ಕ ಕೇಂದ್ರ ಆರಂಭವಾಗಿತ್ತು. ಅದರ ಕೆಲಸ ಊರಿನ ದೀಪ ಉರಿಸುವಷ್ಟು. ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಅವರ ಸರ್ಕಾರದ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜಾಲಿ ಡಿ ಲಾಟ್‌ಬಿನಿಯರ್ ಯೋಚಿಸಿದ್ದು ಬೇರೆಯದೇ ಪ್ರಮಾಣದ ಕೆಲಸವನ್ನು. ಶಿವನಸಮುದ್ರದಿಂದ ಚಿನ್ನದ ಗಣಿಗೆ ೯೨ ಮೈಲಿ. ಅಷ್ಟು ದೂರ ತಂತಿಯ ಮೇಲೆ ಶಕ್ತಿಯನ್ನು ಕಳುಹಿಸಬಹುದೆಂದರೆ ಅಂದು ನಂಬುವವರು ವಿರಳ. ಲಾಟ್‌ಬಿನಿಯರರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಕೇಂದ್ರಗಳನ್ನು ಪರೀಕ್ಷಿಸಿ ಬಂದರು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯೂ, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯೂ ಒದಗಿಸಿದವು. ಭಾರವಾದ ಯಂತ್ರಭಾಗಗಳು ರೈಲಿಳಿದು ಎತ್ತುಗಳ ಮತ್ತು ಆನೆಗಳ ನೆರವಿನಿಂದ ಹೊಳೆಯ ದಡ ಸೇರಿದವು.

೧೯೦೨ನೆಯ ಇಸವಿ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ಗಣಿಯನ್ನು ಮುಟ್ಟಿತು. ಮೊದಲು ನಿಲ್ಲಿಸಿದ ಯಂತ್ರಗಳು ಆರು. ಒಂದೊಂದರ ಶಕ್ತಿ ೭೨೦ ಕಿಲೋವಾಟ್. ತಂತಿಯಲ್ಲಿ ಹರಿದ ವಿದ್ಯುತ್ತಿನ ಒತ್ತಡ ಮೂವತ್ತು ಸಾವಿರ ವೋಲ್ಟಿಗೂ ಮೇಲು. ಅಂದಿನ ಜಗತ್ತಿನ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಇದೂ ಒಂದು. ಇದನ್ನು ನೋಡಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ರಾಜ್ಯವಾಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಳ್ಳಲು ಇನ್ನೂ ಐದಾರು ವಾರವಿತ್ತು.

ಈ ಸಾಹಸವನ್ನು ಹೊಗಳಿ ನಿಲ್ಲಿಸುವುದು ಸುಲಭ. ಆದರೆ ಉದ್ಯಮ ಹೂಡುವವನಿಗೆ ಹೊಗಳಿಕೆಗಿಂತ ಲೆಕ್ಕ ಮುಖ್ಯ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಕೊಳ್ಳುವವನು ಸಿದ್ಧನಿದ್ದನು. ಸರ್ಕಾರ ಮೊದಲು ಯಂತ್ರ ಕೊಂಡು ಆಮೇಲೆ ಗಿರಾಕಿಯನ್ನು ಹುಡುಕಲಿಲ್ಲ. ಗಣಿ ಕಂಪೆನಿಗಳೊಡನೆ ಹತ್ತು ವರ್ಷದ ಕರಾರು ಮಾಡಿಕೊಂಡಿತು. ಮೊದಲಿಗೆ ಹೆಚ್ಚು ದರ, ಬರಬರುತ್ತ ಕಡಿಮೆ ದರ ಎಂದು ಮಾತಾಯಿತು. ಕಲ್ಲಿದ್ದಲಿಗಿಂತ ಇದು ಅಗ್ಗವೆಂದು ಕಂಪೆನಿಗೆ ತಿಳಿದಿತ್ತು. ಹಾಕಿದ ಹಣ ಹಿಂದಿರುಗುವುದೆಂದು ಸರ್ಕಾರಕ್ಕೆ ತಿಳಿದಿತ್ತು. ಕರಾರಿನ ಬಲವಿಲ್ಲದಿದ್ದರೆ ಆ ೯೨ ಮೈಲಿಯ ತಂತಿ ಎಳೆಯುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಎರಡನೆಯದು, ನಿಸರ್ಗದ ಶಕ್ತಿಗೆ ತನ್ನದೇ ಆದ ವೇಳಾಪಟ್ಟಿ ಇದೆ. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಗೆಯಲ್ಲಿ ಸೊರಗುತ್ತದೆ. ಗಣಿಯ ಪಂಪುಗಳಿಗೆ ಬೇಸಗೆ ಮಳೆಗಾಲ ಎಂಬ ಭೇದವಿಲ್ಲ. ಗಣಿಗಳು ಮತ್ತಷ್ಟು ಶಕ್ತಿ ಬೇಕೆಂದಾಗ ಹೊಳೆಯ ನೀರನ್ನು ಕೂಡಿಡದೆ ಗತ್ಯಂತರವಿಲ್ಲವೆಂದು ಸ್ಪಷ್ಟವಾಯಿತು. ೧೯೦೯ರಲ್ಲಿ ಚೀಫ್ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಅಣೆಕಟ್ಟಿನ ಯೋಜನೆಯನ್ನು ಮುಂದಿಟ್ಟು, ೧೯೧೧ರಲ್ಲಿ ಕೆಲಸ ಆರಂಭಿಸಿದರು. ಮಂಡ್ಯದ ಗದ್ದೆಗಳಿಗೆ ನೀರುಣಿಸಿದ ಕನ್ನಂಬಾಡಿಗೆ, ಚಿನ್ನದ ಗಣಿಗೆ ಬೇಸಗೆಯಲ್ಲಿಯೂ ತಪ್ಪದೆ ವಿದ್ಯುತ್ತು ಕಳುಹಿಸುವುದು ಕೂಡ ಒಂದು ಮುಖ್ಯ ಕಾರಣವಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಮೂರನೆಯದು, ತಂತಿ ಹಾದುಹೋದ ಊರಿಗೆಲ್ಲ ಬೆಳಕು ಬರಲಿಲ್ಲ. ೧೯೦೨ರ ಆ ಮಾರ್ಗ ಗಣಿಗಾಗಿ ಮಾತ್ರ ಹಾಕಿದ್ದು. ಬೆಂಗಳೂರು ನಗರಕ್ಕೇ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡೆದು, ೧೯೦೫ರ ಆಗಸ್ಟಿನಲ್ಲಿ. ತಲೆಯ ಮೇಲೆ ಮೂವತ್ತು ಸಾವಿರ ವೋಲ್ಟ್ ಹರಿಯುತ್ತಿದ್ದರೂ ತಂತಿಯ ಕೆಳಗಿನ ಹಳ್ಳಿಯ ಮನೆಗಳಲ್ಲಿ ಹರಳೆಣ್ಣೆಯ ಹಣತೆ, ಸೀಮೆಯೆಣ್ಣೆಯ ಬುಡ್ಡಿಗಳೇ ಅನೇಕ ವರ್ಷ ಉರಿದವು. ಶಕ್ತಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹಾಯುತ್ತದೆ ಎಂಬುದೊಂದು. ಅದರ ಫಲ ಯಾರಿಗೆ ಸಲ್ಲುತ್ತದೆ ಎಂಬುದು ಮತ್ತೊಂದು. ಬಿಸಿಲಿನ ಉದ್ಯಮದ ಮಾತು ಬಂದಾಗ ಈ ಮೂರನ್ನೂ ಕೈಯಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು.

ಸೂರ್ಯನನ್ನು ಕೆಲಸಕ್ಕೆ ಹಚ್ಚುವ ಯೋಚನೆಗೂ ಹಳೆಯ ಚರಿತ್ರೆಯಿದೆ. ಕನ್ನಂಬಾಡಿಯ ಕಟ್ಟೆ ಏಳುತ್ತಿದ್ದ ದಿನಗಳಲ್ಲಿಯೇ, ೧೯೧೩ರಲ್ಲಿ, ಈಜಿಪ್ಟಿನ ಕೈರೋ ಬಳಿಯ ಮಾಡಿ ಎಂಬಲ್ಲಿ ಫ್ರಾಂಕ್ ಷೂಮನ್ ಎಂಬ ಅಮೆರಿಕದ ಎಂಜಿನಿಯರ್ ದೋಣಿಯಾಕಾರದ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಒಟ್ಟುಗೂಡಿಸಿ, ನೀರು ಕಾಯಿಸಿ, ಆವಿಯಂತ್ರ ನಡೆಸಿ, ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿ ತೋರಿಸಿದನು. ಮರುವರ್ಷ ಮಹಾಯುದ್ಧ ಬಂದು ಆ ಕೆಲಸ ಅಲ್ಲಿಗೇ ನಿಂತಿತು. ಮುಂದೆ ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನಿನ ತೆಳುಬಿಲ್ಲೆಯೊಂದನ್ನು ಬಿಸಿಲಿಗೆ ಹಿಡಿದು ನೇರವಾಗಿ ವಿದ್ಯುತ್ತು ಪಡೆದರು. ಕನ್ನಡಿಯಿಲ್ಲ, ಆವಿಯಿಲ್ಲ, ತಿರುಗುವ ಚಕ್ರವಿಲ್ಲ. ಬೆಳಕು ಬಿದ್ದೊಡನೆ ಬಿಲ್ಲೆಯೊಳಗಿನ ವಿದ್ಯುತ್ಕಣಗಳು ಚಲಿಸತೊಡಗುತ್ತವೆ. ಇಂದು ಹೊಲಗಳಲ್ಲಿಯೂ ಮನೆಗಳ ಮೇಲೂ ಕಾಣುವ ಕಡುನೀಲಿ ಫಲಕಗಳೆಲ್ಲ ಆ ಬಿಲ್ಲೆಯ ಸಂತತಿ. ಬಹುಕಾಲ ಅದರ ಬೆಲೆ ಎಷ್ಟಿತ್ತೆಂದರೆ ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಗೆ ಬಿಟ್ಟರೆ ಬೇರೆ ಕೆಲಸಕ್ಕೆ ಅದನ್ನು ಕೊಳ್ಳುವವರು ಕಡಿಮೆ.

ಈ ಫಲಕಗಳನ್ನು ದೊಡ್ಡ ಪ್ರಮಾಣದಲ್ಲಿ ನೆಲದ ಮೇಲೆ ಹಾಸಿ, ಬಂದ ವಿದ್ಯುತ್ತನ್ನು ಸಾರ್ವಜನಿಕ ಜಾಲಕ್ಕೆ ಸೇರಿಸುವ ಪ್ರಯೋಗ ನಮ್ಮ ದೇಶದಲ್ಲಿ ಮೊದಮೊದಲು ನಡೆದ ಸ್ಥಳಗಳಲ್ಲಿ ಒಂದು ಯಾವುದು ಬಲ್ಲಿರಾ? ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಯಳೇಸಂದ್ರವೆಂಬ ಹಳ್ಳಿ. ಕರ್ನಾಟಕ ವಿದ್ಯುತ್ ನಿಗಮವು ಅಲ್ಲಿ ಸುಮಾರು ೧೦ ಎಕರೆಯಲ್ಲಿ ೧೩,೦೦೦ಕ್ಕೂ ಹೆಚ್ಚು ಫಲಕಗಳನ್ನು ಹಾಸಿ, ೩ ಮೆಗಾವಾಟಿನ ಕೇಂದ್ರವನ್ನು ೨೦೦೯ರ ಡಿಸೆಂಬರಿನಲ್ಲಿ ಆರಂಭಿಸಿತು. ಹಳ್ಳಿಗಾಡಿನ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲಿ ಒಳ್ಳೆಯ ಒತ್ತಡದ ವಿದ್ಯುತ್ತು ಒದಗಿಸುವುದು ಅದರ ಉದ್ದೇಶ. ತಂತಿಯ ಕಟ್ಟಕಡೆಯಲ್ಲಿರುವ ಹಳ್ಳಿಗೆ ದೂರದಿಂದ ಬರುವ ವಿದ್ಯುತ್ತು ದಾರಿಯಲ್ಲಿ ಸೋರಿ ಸೊರಗಿ ಬರುತ್ತದೆ; ಮೋಟಾರು ಸುಡುವುದೂ ಉಂಟು. ಅಲ್ಲಿಯೇ ಹುಟ್ಟಿ ಅಲ್ಲಿಯೇ ಖರ್ಚಾಗುವ ವಿದ್ಯುತ್ತಿಗೆ ಆ ನಷ್ಟವಿಲ್ಲ.

ಯಳೇಸಂದ್ರದ ೩ ಮೆಗಾವಾಟ್ ಎಂದರೆ ೩,೦೦೦ ಕಿಲೋವಾಟ್. ೧೯೦೨ರಲ್ಲಿ ಶಿವನಸಮುದ್ರದ ಆರು ಯಂತ್ರಗಳ ಒಟ್ಟು ಶಕ್ತಿ ೪,೩೨೦ ಕಿಲೋವಾಟ್. ಮೇಲುನೋಟಕ್ಕೆ ಎರಡೂ ಹತ್ತಿರ ಹತ್ತಿರ. ಆದರೆ ವ್ಯಾಪಾರ ನಡೆಯುವುದು ಕಿಲೋವಾಟಿನ ಮೇಲಲ್ಲ, ಯೂನಿಟ್ಟಿನ ಮೇಲೆ. ಯಳೇಸಂದ್ರದ ಕೇಂದ್ರ ತನ್ನ ಮೊದಲ ಪೂರ್ಣ ವರ್ಷವಾದ ೨೦೧೦ರಲ್ಲಿ ಕೊಟ್ಟದ್ದು ಸುಮಾರು ೩೩ ಲಕ್ಷ ಯೂನಿಟ್. ಶಿವನಸಮುದ್ರದ ಆರು ಯಂತ್ರಗಳು ಹಗಲು ರಾತ್ರಿ ಎಡೆಬಿಡದೆ ವರ್ಷವಿಡೀ ತಿರುಗಿದರೆ ೩ ಕೋಟಿ ೭೮ ಲಕ್ಷ ಯೂನಿಟ್ ಆಗುತ್ತದೆ. ಹನ್ನೊಂದು ಪಾಲು ಹೆಚ್ಚು. ಕಾರಣ ಸ್ಪಷ್ಟ. ಸೂರ್ಯ ರಾತ್ರಿ ದುಡಿಯುವುದಿಲ್ಲ. ಬೆಳಿಗ್ಗೆ ಸಂಜೆ ಅರೆಮನಸ್ಸಿನಿಂದ ದುಡಿಯುತ್ತಾನೆ. ಮೋಡ ಬಂದರೆ ಮುಖ ಮರೆಸುತ್ತಾನೆ. ಅದರ ಮೇಲೆ ಫಲಕಗಳ ಮೇಲೆ ಧೂಳು ಕೂರುತ್ತದೆ. ಜಾಲದಲ್ಲಿ ವಿದ್ಯುತ್ತು ನಿಂತರೆ ಕೇಂದ್ರವೂ ನಿಲ್ಲಬೇಕಾಗುತ್ತದೆ. ಸೌರಕೇಂದ್ರ ಸ್ಥಾಪಿಸುವ ಯಾರಾದರೂ ಮೆಗಾವಾಟಿನ ಅಂಕಿಯನ್ನಷ್ಟೇ ತೋರಿಸಿ ಹಣ ಕೇಳಿದರೆ, ವರ್ಷಕ್ಕೆ ಎಷ್ಟು ಯೂನಿಟ್ ಎಂದು ಮರುಪ್ರಶ್ನೆ ಹಾಕುವುದು ಜಾಣತನ.

ಇನ್ನು ಹಣದ ಮಾತು. ಯಳೇಸಂದ್ರದ ಕೇಂದ್ರಕ್ಕೆ ತಗಲಿದ್ದು ೬೦ ಕೋಟಿ ರೂಪಾಯಿಯ ಸಮೀಪ. ಯೂನಿಟ್ಟಿಗೆ ೩ ರೂಪಾಯಿಯಂತೆ ಮಾರಿದರೆ ೩೩ ಲಕ್ಷ ಯೂನಿಟ್ಟಿಗೆ ಬರುವುದು ಒಂದು ಕೋಟಿಯಷ್ಟೇ. ಕೂಲಿ, ರಿಪೇರಿ, ಬಡ್ಡಿ ಯಾವುದನ್ನೂ ಕಳೆಯದಿದ್ದರೂ ಅಸಲು ತೀರಲು ಅರುವತ್ತು ವರ್ಷ ಬೇಕು. ಫಲಕದ ಆಯುಷ್ಯವೋ ಸಾಮಾನ್ಯವಾಗಿ ೨೫ ವರ್ಷ. ಹೀಗಾಗಿ ಅದನ್ನು ಲಾಭದ ಉದ್ಯಮವೆನ್ನಲಾಗದು. ದಾರಿ ತೋರಿಸಲು ಸರ್ಕಾರ ಕೈಯಿಂದ ಹಾಕಿ ನಡೆಸಿದ ಪ್ರಯೋಗ ಅದು. ಆದರೆ ಆ ಬಳಿಕ ಬೆಲೆ ಇಳಿದ ವೇಗ ಬೆರಗುಗೊಳಿಸುವಂಥದು. ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ೨೦೧೦ರಲ್ಲಿ ಸೌರವಿದ್ಯುತ್ತಿಗೆ ಕಟ್ಟಿದ ದರ ಯೂನಿಟ್ಟಿಗೆ ಸುಮಾರು ೧೮ ರೂಪಾಯಿ. ೨೦೧೭ರಲ್ಲಿ ರಾಜಸ್ಥಾನದ ಭಡ್ಲಾ ಎಂಬ ಮರುಭೂಮಿಯ ಊರಿನ ಹರಾಜಿನಲ್ಲಿ ಅದು ೨ ರೂಪಾಯಿ ೪೪ ಪೈಸೆಗೆ ಬಂದಿತು. ಒಂದು ಮೆಗಾವಾಟಿಗೆ ೨೦ ಕೋಟಿ ಬೇಕಾಗಿದ್ದ ಕಡೆ ಈಗ ನಾಲ್ಕೈದು ಕೋಟಿ ಸಾಕು. ಅಂದು ಲೆಕ್ಕಕ್ಕೆ ಸಿಗದಿದ್ದ ಉದ್ಯಮ ಇಂದು ಲೆಕ್ಕಕ್ಕೆ ಸಿಗುತ್ತದೆ.

ಕೋಲಾರದ ಬಿಸಿಲಿಗೆ ಇನ್ನೊಂದು ಅನುಕೂಲವಿದೆ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಕಾವೇರಿದಂತೆಲ್ಲ ಅದರ ಇಳುವರಿ ಕುಗ್ಗುತ್ತದೆ. ಸಮುದ್ರಮಟ್ಟಕ್ಕಿಂತ ೮೦೦ ಮೀಟರಿಗೂ ಹೆಚ್ಚು ಎತ್ತರದ ಈ ಬಯಲಿನಲ್ಲಿ ಬೆಳಕು ಹೇರಳ, ಆದರೆ ಮರುಭೂಮಿಯ ಕಾವಿಲ್ಲ.

ಇದೇ ಗುಣದ ಮತ್ತೊಂದು ಸೀಮೆ ತುಮಕೂರು ಜಿಲ್ಲೆಯ ಪಾವಗಡ. ಬರಗಾಲಕ್ಕೆ ಹೆಸರಾದ ಆ ತಾಲ್ಲೂಕಿನ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನ ತಲೆಯೆತ್ತಿದೆ. ೨೦೧೮ರಲ್ಲಿ ಉದ್ಘಾಟನೆಯಾಗಿ ೨೦೧೯ರ ಕೊನೆಗೆ ಪೂರ್ಣವಾಯಿತು. ಅಲ್ಲಿ ರೈತರ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ, ಕಾಲಕಾಲಕ್ಕೆ ಏರುವ ಗುತ್ತಿಗೆಗೆ ಪಡೆಯಿತು. ಮಳೆ ಬರಲಿ ಬಿಡಲಿ, ಜಮೀನುಳ್ಳವನಿಗೆ ಹಣ ಬರುತ್ತದೆ. ಆದರೆ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆಯ ಹಣವಿಲ್ಲ, ಹೊಲವೂ ಇಲ್ಲ. ಸಾವಿರಾರು ಎಕರೆ ಫಲಕಗಳನ್ನು ತೊಳೆಯಲು, ಹುಲ್ಲು ಕೀಳಲು, ಕಾವಲು ಕಾಯಲು ಬೇಕಾಗುವ ಜನ ಬೇಸಾಯಕ್ಕೆ ಬೇಕಾಗುವ ಜನರಿಗಿಂತ ಬಹಳ ಕಡಿಮೆ. ತಂತಿಯ ಕೆಳಗಿನ ಹಣತೆಯ ಕಥೆ ಇಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಂತಿದೆ.

ಹಾಗಾದರೆ ಚಿನ್ನದ ಗಣಿಯ ಊರಿಗೆ ಯಾವ ದಾರಿ? ಆ ಊರಿನ ಸ್ಥಿತಿಯನ್ನು ಒಮ್ಮೆ ನೆನೆಯೋಣ. ಉಚ್ಛ್ರಾಯ ಕಾಲದಲ್ಲಿ ಮೂವತ್ತು ಸಾವಿರ ಜನ ದುಡಿದ ಗಣಿಗಳು ಅವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಗಿ, ಅದಿರು ಕ್ಷೀಣಿಸಿ ಖರ್ಚು ಏರಿ, ೨೦೦೧ರ ಫೆಬ್ರವರಿ ೨೮ರಂದು ಬಾಗಿಲು ಹಾಕಿದವು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ನಸುಕಿಗೇ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವುದು ಸಾವಿರಾರು ಮನೆಗಳ ದಿನಚರಿಯಾಗಿದೆ. ಕಲ್ಲಿದ್ದಲು ತರಲೆಂದು ಹಾಕಿದ ಶಾಖಾಮಾರ್ಗ ಈಗ ಕೂಲಿಗೆ ಜನರನ್ನು ಒಯ್ಯುತ್ತದೆ.

ಊರಿನ ನಡುವೆ ಹದಿಮೂರು ಬೂದುದಿಬ್ಬಗಳು ನಿಂತಿವೆ. ಒಂದು ಶತಮಾನದ ಕಾಲ ಕಲ್ಲನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನವನ್ನು ಹಿಂಡಿ ಎಸೆದ ಹುಡಿ ಅದು; ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅದನ್ನು ಸೈನೈಡ್ ದಿಬ್ಬವೆಂದೇ ಕರೆಯುತ್ತಾರೆ. ಬೆಳೆ ಬಾರದ ಈ ಸಾವಿರ ಎಕರೆಯಲ್ಲಿ ಫಲಕ ಹಾಸಿದರಾಗದೆ ಎಂಬ ಯೋಚನೆ ಯಾರಿಗಾದರೂ ಬರುವಂಥದೇ. ಹೊರದೇಶಗಳಲ್ಲಿ ಇಂಥ ಕೆಲಸ ನಡೆದಿದೆ. ಚೀನದ ದಾತೊಂಗ್ ಎಂಬಲ್ಲಿ ಕಲ್ಲಿದ್ದಲು ಗಣಿಯಿಂದ ಕುಸಿದ ನೆಲದ ಮೇಲೆ ಸಾವಿರ ಮೆಗಾವಾಟಿನ ಫಲಕಗಳನ್ನು ನಿಲ್ಲಿಸಿದ್ದಾರೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ದಿಬ್ಬದ ಹುಡಿ ಗಟ್ಟಿನೆಲವಲ್ಲ; ಮಳೆಗೆ ಕೊರೆಯುತ್ತದೆ, ಗಾಳಿಗೆ ಹಾರುತ್ತದೆ, ಹಾರಿದ್ದು ಫಲಕದ ಮೇಲೆಯೇ ಕೂರುತ್ತದೆ. ಅದನ್ನು ತೊಳೆಯಲು ನೀರೂ ಈ ಸೀಮೆಯಲ್ಲಿ ದುರ್ಲಭ. ಎರಡನೆಯದಾಗಿ, ದಿಬ್ಬಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ಮತ್ತೆ ತೆಗೆಯಲು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ೨೦೨೪ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿದೆ. ಕದಲಲಿರುವ ನೆಲದ ಮೇಲೆ ೨೫ ವರ್ಷದ ಉದ್ಯಮ ಕಟ್ಟಲಾಗದು. ಆದಕಾರಣ ದಿಬ್ಬಗಳ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ಊರಿನ ಛಾವಣಿಗಳನ್ನೂ ಸುತ್ತಣ ಹಳ್ಳಿಗಳ ಪಂಪ್‌ಸೆಟ್ಟುಗಳನ್ನೂ ನೋಡುವುದು ಮೇಲು.

ಪಂಪ್‌ಸೆಟ್ ಸೂರ್ಯನಿಗೆ ಹೇಳಿ ಮಾಡಿಸಿದ ಗಿರಾಕಿ. ಅದಕ್ಕೆ ರಾತ್ರಿ ವಿದ್ಯುತ್ತು ಬೇಕಿಲ್ಲ. ಹಗಲು ಎತ್ತಿದ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟರೆ ಅದೇ ಅದರ ಬ್ಯಾಟರಿ, ಅದೇ ಅದರ ಪುಟ್ಟ ಕನ್ನಂಬಾಡಿ. ರಾತ್ರಿ ಹನ್ನೆರಡಕ್ಕೆ ಕರೆಂಟು ಬಂತೆಂದು ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ತೋಟಕ್ಕೆ ಓಡುವ ಪಾಡೂ ತಪ್ಪುತ್ತದೆ. ಆದರೆ ಹಣ ಕೊಡುವವರು ಯಾರು? ನಮ್ಮ ರಾಜ್ಯದಲ್ಲಿ ೨೦೦೮ರಿಂದ ೧೦ ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದರ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ರೈತನಿಗೆ ಮಾರುತ್ತೇನೆಂದು ಹೊರಟವನಿಗೆ ಗಿರಾಕಿ ಸಿಗುವುದಿಲ್ಲ. ಇಲ್ಲಿ ನಿಜವಾದ ಗಿರಾಕಿ ವಿದ್ಯುತ್ ಸರಬರಾಜು ಕಂಪೆನಿ. ದೂರದಿಂದ ತಂದು, ಸೋರಿಸಿ, ಪುಕ್ಕಟೆ ಕೊಡುವ ಯೂನಿಟ್ಟಿಗಿಂತ ಹಳ್ಳಿಯಲ್ಲೇ ಹುಟ್ಟುವ ಯೂನಿಟ್ ಅದಕ್ಕೆ ಅಗ್ಗವಾಗುತ್ತದೆ. ಶೇಷಾದ್ರಿ ಅಯ್ಯರರ ಸರ್ಕಾರ ಗಣಿಯೊಡನೆ ಮಾಡಿಕೊಂಡಂಥ ದೀರ್ಘಕಾಲದ, ದರ ನಿಗದಿಯಾದ ಕರಾರನ್ನು ಆ ಕಂಪೆನಿಯೊಡನೆ ಮಾಡಿಕೊಂಡರೆ ಉದ್ಯಮಕ್ಕೆ ತಳಪಾಯ ಸಿಕ್ಕಂತೆ.

ಆ ಕರಾರು ಮಾಡಿಕೊಳ್ಳುವವರು ಹಳ್ಳಿಯವರೇ ಏಕಾಗಬಾರದು? ೨೦೧೬ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಆರು ಮಂದಿ ರೈತರು ಸಹಕಾರ ಸಂಘ ಕಟ್ಟಿ, ತಮ್ಮ ಹೊಲದ ಸೌರ ಪಂಪುಗಳಿಂದ ನೀರೆತ್ತಿ, ಮಿಕ್ಕ ವಿದ್ಯುತ್ತನ್ನು ಕಂಪೆನಿಗೆ ಮಾರತೊಡಗಿದರು. ನೀರು ಹೆಚ್ಚು ಎಳೆದರೆ ಮಾರುವುದಕ್ಕೆ ವಿದ್ಯುತ್ತು ಕಡಿಮೆಯಾಗುತ್ತದೆ. ಅದರಿಂದ ನೀರನ್ನೂ ಹಿತಮಿತವಾಗಿ ಬಳಸುವ ಬುದ್ಧಿ ತಾನಾಗಿ ಬರುತ್ತದೆ. ಕೊಳವೆಬಾವಿಗಳು ಒಣಗುತ್ತಿರುವ ಕೋಲಾರಕ್ಕೆ ಇದಕ್ಕಿಂತ ಹೊಂದುವ ಪಾಠ ಬೇರೆ ಬೇಕಿಲ್ಲ. ಸಹಕಾರವೆಂಬುದು ಇಲ್ಲಿಯ ಜನಕ್ಕೆ ಹೊಸ ಮಾತೂ ಅಲ್ಲ. ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಾಗಿ ನಿಂತು, ಅಳತೆ ಮಾಡಿಸಿ, ಪುಸ್ತಕದಲ್ಲಿ ಬರೆಸಿ, ವಾರಕ್ಕೋ ಹದಿನೈದು ದಿನಕ್ಕೋ ಹಣ ಪಡೆಯುವುದು ಹೇಗೆಂದು ಈ ಜಿಲ್ಲೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಹಾಲನ್ನು ಲೀಟರಿನಲ್ಲಿ ಅಳೆದಂತೆ ಬಿಸಿಲನ್ನು ಯೂನಿಟ್ಟಿನಲ್ಲಿ ಅಳೆಯುವುದಷ್ಟೇ ಹೊಸದು.

ಪಟ್ಟಣದ ಛಾವಣಿಗಳ ವಿಷಯದಲ್ಲಿಯೂ ನಮ್ಮ ನಾಡಿನಲ್ಲಿಯೇ ಕಲಿಯುವುದಿದೆ. ೧೯೯೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆಯವರು, ಬಡವರು ಸೌರದೀಪ ಕೊಳ್ಳಲಾರರೆಂಬ ಮಾತನ್ನು ಒಪ್ಪಲಿಲ್ಲ. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಗಿರಾಕಿಯ ಸಂಪಾದನೆ ಹೇಗೆ ಬರುತ್ತದೋ ಹಾಗೆ ಕಂತು ಕಟ್ಟಿಸಿದರು. ದಿನದ ದುಡಿಮೆಯವನಿಗೆ ತಿಂಗಳ ಕಂತು ದೊಡ್ಡ ಹೊರೆ. ಅದೇ ಹಣ ದಿನದಿನಕ್ಕೆ ಹಂಚಿದರೆ ಹಗುರ. ಈ ಸರಳ ಸತ್ಯವನ್ನು ನಂಬಿ ಅವರು ಲಕ್ಷಗಟ್ಟಲೆ ಮನೆಗಳನ್ನು ಬೆಳಗಿಸಿದರು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬಯಲಿನ ದೊಡ್ಡ ಕೇಂದ್ರ ಕೆಲವೇ ಮಂದಿಗೆ ಕೆಲಸ ಕೊಟ್ಟರೆ, ಛಾವಣಿಗಳ ಕೆಲಸ ಹೆಚ್ಚು ಕೈಗಳನ್ನು ಬೇಡುತ್ತದೆ. ಅಳತೆ ಮಾಡುವವನು, ಚೌಕಟ್ಟು ಬೆಸುಗೆ ಹಾಕುವವನು, ತಂತಿ ಎಳೆಯುವವನು, ಇನ್ವರ್ಟರ್ ರಿಪೇರಿ ಮಾಡುವವನು, ಎಲ್ಲರೂ ಬೇಕು. ತಲೆಮಾರುಗಳಿಂದ ಯಂತ್ರದ ಜೊತೆ ಬಾಳಿದ ಗಣಿ ಊರಿನಲ್ಲಿ, ೧೯೬೪ರಲ್ಲಿ ಸ್ಥಾಪನ�ೆಯಾದ ಭಾರತ್ ಅರ್ತ್ ಮೂವರ್ಸ್ ಕಂಪೆನಿಯ ಕಾರ್ಖಾನೆಯಿರುವ ಊರಿನಲ್ಲಿ, ಅಂಥ ಕೈಗಳಿಗೆ ಕೊರತೆಯಿಲ್ಲ.

ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೂವತ್ತು ಸಾವಿರ ಜನರ ಗಣಿಗೆ ಬಿಸಿಲು ಬದಲಿಯಾಗದು. ಹಾಗೆಂದು ಆಸೆ ತೋರಿಸುವುದು ಒಮ್ಮೆ ನೊಂದ ಊರನ್ನು ಮತ್ತೆ ನೋಯಿಸಿದಂತೆ. ಬಿಸಿಲಿನಿಂದ ಆಗುವುದು ಬೇರೆ. ಹಳ್ಳಿಗೆ ಹಗಲು ನಂಬಿಕೆಯ ವಿದ್ಯುತ್ತು, ಸಂಘದ ಸದಸ್ಯನಿಗೆ ಮಳೆಯನ್ನು ಅವಲಂಬಿಸದ ಒಂದಿಷ್ಟು ಆದಾಯ, ನಸುಕಿನ ರೈಲು ಹತ್ತುವವರಲ್ಲಿ ಕೆಲವು ನೂರು ಮಂದಿಗೆ ಊರಿನಲ್ಲೇ ಕೆಲಸ. ಇದು ಸಣ್ಣದೆನಿಸಬಹುದು. ಆದರೆ ಗಣಿ ಬಗೆದಂತೆ ಮುಗಿಯುವ ಸಂಪತ್ತು. ಇದು ನಾಳೆ ಬೆಳಿಗ್ಗೆ ಮತ್ತೆ ಬರುವ ಸಂಪತ್ತು.

ಶಿವನಸಮುದ್ರದಲ್ಲಿ ೨೦೧೨ರಲ್ಲಿ ಅದೇ ವಿದ್ಯುತ್ ನಿಗಮವು ೫ ಮೆಗಾವಾಟಿನ ಸೌರಕೇಂದ್ರವೊಂದನ್ನು ಆರಂಭಿಸಿತು. ಅಲ್ಲಿಗೆ, ೧೯೦೨ರ ತಂತಿಯ ಎರಡು ತುದಿಯ ಸೀಮೆಗಳಲ್ಲಿಯೂ ಬಿಸಿಲು ಕೆಲಸಕ್ಕೆ ಹತ್ತಿದಂತಾಯಿತು. ಹಿಂದೆ ಒಂದು ತುದಿ ಕೊಡುತ್ತಿತ್ತು, ಇನ್ನೊಂದು ತುದಿ ಕೊಳ್ಳುತ್ತಿತ್ತು. ಈಗ ಚಿನ್ನದ ಸೀಮೆ ತಾನೇ ಕೊಡುವ ಸ್ಥಾನಕ್ಕೆ ಬರಬಹುದು. ಫಲಕ ಹಾಸುವ ಮೊದಲು ಕರಾರು ಯಾರೊಡನೆ, ರಾತ್ರಿಗೆ ಏನು ದಾರಿ, ಲಾಭದಲ್ಲಿ ತಂತಿಯ ಕೆಳಗಿನವನ ಪಾಲೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಊರಿನವರು ಎದ್ದುನಿಂತು ಕೇಳಬೇಕು. ಮೊದಲ ಎರಡನ್ನು ೧೯೦೨ರವರೂ ಅವರ ಹಿಂದೆ ಬಂದವರೂ ಚೆನ್ನಾಗಿ ಬಿಡಿಸಿದರು. ಮೂರನೆಯದು ನಮ್ಮ ಪಾಲಿಗೆ ಉಳಿದಿದೆ.